ಹೆಸರುಬೇಳೆ ಮನೆಯ ಗೋಡೆ

ನೋಟದ ದಿನಕ್ಕೆ ಇನ್ನು ಒಂಬತ್ತು ದಿನ ಉಳಿದಿತ್ತು. ಬಣ್ಣ ಕೂಡಿಸುವವಳು ಎಂದಿನಂತೆ ತನ್ನ ಹನ್ನೊಂದು ತೆಂಗಿನ ಕರಟಗಳನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದಳು. ಎಂದಿನಂತೆ ಹೆಬ್ಬೆರಳಿನಗಲದ ಕುಂಚವನ್ನು ಸೆರಗಿನ ತುದಿಯಲ್ಲಿ ಒರೆಸಿದಳು. ಎಂದಿನಂತೆ ಅಂಬಲಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಯಾರೋ ಬಾಗಿಲಲ್ಲಿ ಕೆಮ್ಮಿದರು. ಅದೂ ಎಂದಿನದೇ. ಆ ದಿನಗಳಲ್ಲಿ ಅವಳ ಬಾಗಿಲಲ್ಲಿ ಕೇಳಿಸುವಷ್ಟು ಕೆಮ್ಮು ಊರಿನ ವೈದ್ಯನ ಬಾಗಿಲಲ್ಲೂ ಕೇಳಿಸುತ್ತಿರಲಿಲ್ಲ.

ಆ ಊರಿನಲ್ಲಿ ಮನೆಗಳಿಗೆ ಅಂಕಿ ಇರಲಿಲ್ಲ, ಮನೆಯವರಿಗೆ ಮನೆತನದ ಹೆಸರೂ ಇರಲಿಲ್ಲ. ಹೊಸ್ತಿಲಿಗೆ ಎದುರಾಗಿ ನಿಂತ ದೊಡ್ಡ ಗೋಡೆಯ ಬಣ್ಣವೇ ಆ ಮನೆಯ ಹೆಸರು. ಪಾರಿವಾಳದ ಕತ್ತಿನ ಮನೆ, ನೀರುಮಜ್ಜಿಗೆ ಮನೆ, ಕುಂಬಳದ ಹೂವಿನ ಮನೆ, ಹಳೇ ಬೆಲ್ಲದ ಮನೆ. ಹೆಣ್ಣು ಕೇಳಲು ಹೊರಟವರು ನೀರುಮಜ್ಜಿಗೆಯವರ ಎರಡನೆಯ ಮಗಳು ಎನ್ನುತ್ತಿದ್ದರು. ಜಗಳಕ್ಕೆ ನಿಂತವರು ಇದೆಲ್ಲ ನಿಮ್ಮ ಕುಂಬಳದ ಬುದ್ಧಿ ಎನ್ನುತ್ತಿದ್ದರು. ತೀರಿಕೊಂಡವರನ್ನು ನೆನೆಯುವಾಗಲೂ ಮೊದಲು ಬಣ್ಣ, ಆಮೇಲೆ ಉಳಿದದ್ದು.

ಊರಿಗೆ ಇದ್ದ ಕಟ್ಟಳೆ ಒಂದೇ. ಎದುರುಗೋಡೆ ಒಂದಾಗಿರಬೇಕು. ಅದರ ಮೇಲೆ ಮೊಳೆ ಹೊಡೆದ ತೂತಿರಬಹುದು, ದೀಪದ ಹೊಗೆ ಹತ್ತಿರಬಹುದು, ಮಕ್ಕಳು ಕೈ ಒತ್ತಿರಬಹುದು. ವರ್ಷವೆಲ್ಲ ಇರಲಿ. ನೋಟದ ದಿನ ಮಾತ್ರ ಇರಕೂಡದು. ಇತ್ತೆಂಬುದೂ ತಿಳಿಯಕೂಡದು.

ನೋಟದ ದಿನ ಬೆಳಗ್ಗೆ ಬಿಸಿಲು ಓರೆಯಾಗಿರುವಾಗ ನೋಡುವವರು ಮೂವರು ಬರುತ್ತಿದ್ದರು. ಮೊದಲನೆಯವನು ದೂರದಿಂದ ನೋಡುವವನು, ಹೊಸ್ತಿಲಾಚೆಯೇ ನಿಲ್ಲುತ್ತಿದ್ದ. ಎರಡನೆಯವನು ಹತ್ತಿರದಿಂದ ನೋಡುವವನು, ಮೂಗು ಗೋಡೆಗೆ ತಾಗುವಷ್ಟು ಹತ್ತಿರ ಹೋಗುತ್ತಿದ್ದ. ಮೂರನೆಯವಳು ಮುಟ್ಟಿ ನೋಡುವವಳು, ಮುದುಕಿ. ಅವಳ ಕಣ್ಣು ಮಂಜಾಗಿ ಎಷ್ಟೋ ಕಾಲವಾಗಿತ್ತು. ಆದರೆ ಹಳೆಯ ಗಾರೆ ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂಬುದು ಅವಳ ಅಂಗೈಗೆ ಗೊತ್ತಾಗುತ್ತಿತ್ತು. ಊರವರು ಹೆದರುತ್ತಿದ್ದದ್ದು ಅವಳಿಗೆ. ಪ್ರತಿ ಮನೆಯ ಹೊಸ್ತಿಲಲ್ಲೂ ಒಂದು ತಂಬಿಗೆ ನೀರು ಇಟ್ಟಿರಬೇಕು. ಇಬ್ಬರು ಅದರಿಂದ ಕಣ್ಣು ತೊಳೆದುಕೊಳ್ಳುವರು, ಮೂರನೆಯವಳು ಕೈ ತೊಳೆದುಕೊಳ್ಳುವಳು. ಹಿಂದಿನ ಮನೆಯದು ಈ ಮನೆಗೆ ಬರಬಾರದು, ಹೋದ ವರ್ಷದ್ದು ಈ ವರ್ಷಕ್ಕೆ ಬರಬಾರದು. ಆಮೇಲೆ ಮನೆಯವರು ಹನ್ನೆರಡು ಉಸಿರು ಎಣಿಸುವರು. ಹನ್ನೆರಡು ಮುಗಿಯುವುದರೊಳಗೆ ಯಾರೂ ಬೆರಳೆತ್ತದಿದ್ದರೆ ನೋಡುವವರು "ಗೋಡೆ ಒಂದು" ಎನ್ನುವರು, ಮನೆಯವರು "ಮನೆ ಒಂದು" ಎನ್ನುವರು. ಮೂವರಿಗೂ ಒಂದೊಂದು ಹಿಡಿ ಮಂಡಕ್ಕಿ.

ಬೆರಳೆತ್ತಿದರೆ ಅಂದೇ ಸಂಜೆಯೊಳಗೆ ಆ ಗೋಡೆಯನ್ನು ಗಾರೆಯವರೆಗೂ ಕೆರೆದು ಬಿಳೀ ಸುಣ್ಣ ಬಳಿಯುತ್ತಿದ್ದರು. ಆಚೆ ಓಣಿಯಲ್ಲಿ ಅಂಥ ಸುಣ್ಣದ ಮನೆಗಳು ನಾಲ್ಕಿದ್ದವು. ಅಲ್ಲಿಯವರನ್ನು ಯಾರೂ ಬೈಯುತ್ತಿರಲಿಲ್ಲ, ದೂರ ಇಡುತ್ತಲೂ ಇರಲಿಲ್ಲ. ಹೇಗೆ ಕರೆಯಬೇಕೆಂದು ತಿಳಿಯದೆ "ಇವರೇ" ಎಂದು ಕರೆಯುತ್ತಿದ್ದರು, ಅಷ್ಟೆ.

ಅದಕ್ಕೇ ಬಣ್ಣ ಕೂಡಿಸುವವಳ ಬಾಗಿಲಲ್ಲಿ ಅಷ್ಟು ಕೆಮ್ಮು. ಅವಳು ಕರೆದವರ ಎದುರುಗೋಡೆಯಲ್ಲಿ ತಿದ್ದಬೇಕಾದ ಕಡೆಯಿಂದಲೇ ಉಗುರಿನಷ್ಟು ಚಕ್ಕೆ ಎಬ್ಬಿಸಿ ತರುತ್ತಿದ್ದಳು. ಕರಟದಲ್ಲಿ ಸುಣ್ಣದ ತಿಳಿ ಹುಯ್ದು, ಕಾವಿಯೋ ನೀಲಿಯೋ ಹಳದಿ ಮಣ್ಣೋ ದೀಪದ ಮಸಿಯೋ ಚಿಟಿಕೆ ಚಿಟಿಕೆಯಾಗಿ ಹಾಕುತ್ತಿದ್ದಳು. ಒಡೆದ ಹೆಂಚಿನ ಮೇಲೆ ಒಂದು ಗೀಟು ಎಳೆದು ಒಣಗಲು ಬಿಡುತ್ತಿದ್ದಳು. ಚಿಟಿಕೆ ಹಾಕುವುದು, ಕಾಯುವುದು. ಕಾದು ನೋಡುವುದು, ನೋಡಿ ಮತ್ತೆ ಚಿಟಿಕೆ ಹಾಕುವುದು. ಹಸಿಯಿರುವಾಗಲೇ "ಆಯ್ತಲ್ಲಾ, ಹಚ್ಚಿಬಿಡಿ" ಎಂದು ಅವಸರ ಮಾಡುವವರಿಗೆ ಅವಳು ಹಸಿ ಬಣ್ಣವನ್ನು ನಂಬಬೇಡಿ ಎನ್ನುತ್ತಿದ್ದಳು. ಹಸಿ ಬಣ್ಣ ಹೊಸ ಅಳಿಯನ ಹಾಗಂತೆ, ಒಣಗಿದ ಮೇಲೇ ಅದರ ನಿಜ ತಿಳಿಯುವುದಂತೆ.

ಇಷ್ಟಾದ ಮೇಲೂ ಒಂದು ಬಾಕಿ ಇರುತ್ತಿತ್ತು. ಬಣ್ಣ ಎಷ್ಟೇ ಹೊಂದಿದರೂ ಹೊಸದು ಹೊಸದೇ. ಹಳೆಯ ಗೋಡೆಯ ಮೇಲೆ ಅದು ತಪ್ಪಿ ಬೇರೆ ಮದುವೆಗೆ ಬಂದವನ ಹಾಗೆ ಎದ್ದು ಕಾಣುತ್ತದೆ. ಆದ್ದರಿಂದ ಅವಳು ಕೊನೆಗೆ ಮನೆಯ ಹೆಂಗಸರನ್ನು ಕೇಳುತ್ತಿದ್ದಳು, "ವಯಸ್ಸು ಕೊಡಿ." ವಯಸ್ಸು ಎಂದರೆ ಆ ಮನೆಯಲ್ಲೇ ಗುಡಿಸಿದ ನುಣ್ಣನೆ ದೂಳು. ನೋಟದ ದಿನಕ್ಕೆ ತಿಂಗಳಿರುವಾಗಲೇ ಎಲ್ಲರೂ ಅದನ್ನು ಡಬ್ಬಿಯಲ್ಲಿ ಎತ್ತಿಡುತ್ತಿದ್ದರು. ಅವಳು ತೆಳು ಬಟ್ಟೆಯಲ್ಲಿ ಸೋಸಿ ಒಂದೇ ಒಂದು ಚಿಟಿಕೆ ಕರಟಕ್ಕೆ ಉದುರಿಸುತ್ತಿದ್ದಳು. ಅಷ್ಟಕ್ಕೇ ಬಣ್ಣ ಆ ಮನೆಯದಾಗುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವಳು ತಿದ್ದಿದ ಗೋಡೆಯ ಮುಂದೆ ಒಂದು ಬೆರಳೂ ಎದ್ದಿರಲಿಲ್ಲ.

ಅಂದು ಬಾಗಿಲಲ್ಲಿ ಕೆಮ್ಮಿದವನು ಹೆಸರುಬೇಳೆ ಮನೆಯ ಕೊಡೆ ರಿಪೇರಿಯವನು. ಬೋಳುತಲೆ, ಬಗಲಲ್ಲಿ ಯಾವಾಗಲೂ ಯಾರದೋ ಮುರಿದ ಕೊಡೆ. ಅವನು ಒಳಗೆ ಬಂದು ಕೂರಲಿಲ್ಲ. ಗೋಡೆಯಲ್ಲಿ ಏನೇನು ತಿದ್ದುವುದಿದೆ ಎಂದು ನಿಂತೇ ಒಪ್ಪಿಸಿದ. ಮೊಳೆಯ ತೂತು ಮೂರು, ಕೊಡೆಯ ಕಡ್ಡಿ ತಾಗಿದ ಗೀರು ಒಂದು, ಬಲ ಮೂಲೆಯಲ್ಲಿ ಸ್ವಲ್ಪ ಹೊಗೆ.

"ಎಲ್ಲ ತಿದ್ದು ಅಕ್ಕ. ಅದೊಂದನ್ನ ಬಿಡು" ಎಂದ.

ಅದೊಂದು ಯಾವುದೆಂದು ಅವಳು ಕೇಳಲಿಲ್ಲ. ಕೊಡೆಯವನ ಹೆಂಡತಿ ಹೊಸ್ತಿಲ ಬೆಳಕು ಬೀಳುವ ಜಾಗದಲ್ಲಿ ಎದುರುಗೋಡೆಗೆ ತಲೆ ಒರಗಿಸಿ ಕೂತು ಕೊಡೆಯ ಬಟ್ಟೆ ಹೊಲಿಯುತ್ತಿದ್ದಳು. ತಲೆತುಂಬ ಕೂದಲು, ಕೂದಲ ತುಂಬ ಎಣ್ಣೆ. ಅವಳ ತಲೆ ತಾಗುವ ಕಡೆ ಗೋಡೆಯ ಮೇಲೆ ಹೋಳಿಗೆಯಗಲದ ಒಂದು ಎಣ್ಣೆಕಲೆ ಕೂರುತ್ತಿತ್ತು. ಎಣ್ಣೆಯ ಮೇಲೆ ಸುಣ್ಣ ಹಿಡಿಯುವುದಿಲ್ಲ. ವರ್ಷವರ್ಷವೂ ಬಣ್ಣ ಕೂಡಿಸುವವಳು ಆ ಹೋಳಿಗೆಯನ್ನು ಗಾರೆಯವರೆಗೂ ಕೆರೆದು, ಹೊಸ ಗಾರೆ ತುಂಬಿ, ಬಣ್ಣ ಹೊಂದಿಸುತ್ತಿದ್ದಳು. ನೋಟ ಮುಗಿದ ಮಾರನೆಯ ದಿನವೇ ಕೊಡೆಯವನ ಹೆಂಡತಿ ಮತ್ತೆ ಅಲ್ಲೇ ಒರಗುತ್ತಿದ್ದಳು. ನೀನು ಆ ತಲೆಯನ್ನು ಒಂದಂಗುಲ ಈಚೆ ಇಟ್ಟುಕೊಂಡರೆ ನನ್ನ ಅರ್ಧ ಕೆಲಸ ಉಳಿಯುತ್ತದೆ ಎಂದು ಬಣ್ಣ ಕೂಡಿಸುವವಳು ರೇಗಿಸಿದರೆ, ಹಾಗಾದರೆ ನೀನು ಈ ಮನೆಗೆ ಬರುವುದು ಯಾವ ನೆಪಕ್ಕೆ ಎಂದು ಅವಳು ನಗುತ್ತಿದ್ದಳು. ಗಂಡನ ಬೋಳುತಲೆಯನ್ನು ತೋರಿಸಿ, ಇವರನ್ನು ನೋಡು, ಎಷ್ಟು ಒರಗಿದರೂ ಗುರುತೇ ಉಳಿಯುವುದಿಲ್ಲ ಎನ್ನುತ್ತಿದ್ದಳು.

ಆ ವರ್ಷದ ಮಳೆಗಾಲದ ನಡುವೆ, ಊರಿನ ಕೊಡೆಗಳೆಲ್ಲ ಬೀದಿಯಲ್ಲಿದ್ದ ವಾರ, ಅವಳು ತೀರಿಕೊಂಡಿದ್ದಳು.

"ಬಿಟ್ಟರೆ ಬೆರಳೆತ್ತುತ್ತಾರಲ್ಲ ತಮ್ಮ" ಎಂದಳು ಬಣ್ಣ ಕೂಡಿಸುವವಳು. "ಬೆರಳೆತ್ತಿದರೆ ಇಡೀ ಗೋಡೆ ಕೆರೆಯುತ್ತಾರೆ. ಅದರ ಜೊತೆ ಅದೂ ಹೋಗುತ್ತೆ."

"ತಿದ್ದಿದರೆ?"

"ತಿದ್ದಬೇಕಾದರೆ ನಾನೇ ಕೆರೀಬೇಕು."

ಕೊಡೆಯವನು ಸ್ವಲ್ಪ ಹೊತ್ತು ಬಗಲಿನ ಕೊಡೆಯನ್ನು ಬಿಚ್ಚಿದ, ಮುಚ್ಚಿದ. ಹೆಸರು ಹೋಗುವುದಾದರೆ ಹೋಗಲಿ, "ಇವರೇ" ಎಂದು ಕರೆಸಿಕೊಂಡು ಇದ್ದುಬಿಡುತ್ತೇನೆ, ಕಲೆ ಉಳಿದರೆ ಸಾಕು ಎಂದ. ಆದರೆ ಹೆಸರು ಕೊಟ್ಟರೂ ಕಲೆ ಉಳಿಯುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಮೇಲೆ ಒಂದು ಕೊಡೆ ತೂಗುಹಾಕಿದರೆ ಹೇಗೆ ಎಂದ. ನೋಟದ ದಿನ ಗೋಡೆ ಬರಿದಾಗಿರಬೇಕು ಎಂದು ಅವಳು ನೆನಪಿಸಿದಳು. ಅದೂ ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನೆಲ್ಲ ಒಂದೊಂದಾಗಿ ಕೇಳಿ ಮುಗಿಸಿ, ಅವನು ಹೊರಟುಹೋದ.

ಆ ದಿನ ಅವಳು ಪಾರಿವಾಳದ ಕತ್ತಿನ ಮನೆಯಲ್ಲಿ ಎರಡು ಗೀರು ತಿದ್ದಿದಳು, ಹಳೇ ಬೆಲ್ಲದ ಮನೆಯಲ್ಲಿ ಮಸಿ ಒರೆಸಿದಳು. ಕೈ ಕೆಲಸ ಮಾಡುತ್ತಿತ್ತು, ತಲೆಯಲ್ಲಿ ಕಟ್ಟಳೆ ಸುತ್ತುತ್ತಿತ್ತು. ಗೋಡೆ ಒಂದು. ಗೋಡೆ ಒಂದಾಗಿರಬೇಕು. ಕಲೆಯೇ ಗೋಡೆಗೆ ಹೊಂದಬೇಕು ಎಂದು ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ. ಇಪ್ಪತ್ತೆರಡು ವರ್ಷ ಅವಳೇ ಹಾಗೆ ಅಂದುಕೊಂಡು ಮಾಡುತ್ತ ಬಂದಿದ್ದಳು.

ಮಾರನೆಯ ದಿನ ಬೆಳಗ್ಗೆ ಅವಳೇ ಹೆಸರುಬೇಳೆ ಮನೆಯ ಬಾಗಿಲಲ್ಲಿ ಕೆಮ್ಮಿದಳು.

"ತಮ್ಮ, ಕಲೆ ಹಾಗೇ ಇರಲಿ. ಗೋಡೆಯನ್ನೇ ಅದಕ್ಕೆ ಹೊಂದಿಸೋಣ."

ಕೊಡೆಯವನಿಗೆ ಅರ್ಥವಾಗಲು ಒಂದು ಕೊಡೆ ಬಿಚ್ಚಿ ಮುಚ್ಚುವಷ್ಟು ಹೊತ್ತು ಬೇಕಾಯಿತು. ಆಮೇಲೆ ಅವನು ಹೆಬ್ಬೆರಳಗಲದ ಅವಳ ಕುಂಚವನ್ನು ನೋಡಿದ, ಎಂಟು ಮೊಳದ ಗೋಡೆಯನ್ನು ನೋಡಿದ. ಆ ಊರಿನಲ್ಲಿ ಬಣ್ಣಕ್ಕೆ ಅದಕ್ಕಿಂತ ಅಗಲದ ಕುಂಚವೇ ಇರಲಿಲ್ಲ. ತಿದ್ದುವುದು ಎಲ್ಲರಿಗೂ ಗೊತ್ತಿತ್ತು, ಬಳಿಯುವುದು ಸುಣ್ಣ ಹಚ್ಚುವವರಿಗೆ ಮಾತ್ರ.

"ಇಡೀ ಗೋಡೆಯೇ ತೇಪೆ ಆಗುತ್ತಲ್ಲ ಅಕ್ಕ."

"ಆಗಲಿ. ಎಲ್ಲ ತೇಪೆಯೇ ಆದರೆ ತೇಪೆ ಎಲ್ಲಿ ಅಂತ ಯಾರು ತೋರಿಸ್ತಾರೆ?"

ಅವಳು ಕಲೆಯ ಎದುರು ಕರಟಗಳನ್ನು ಸಾಲಾಗಿ ಇಟ್ಟು ಕೂತಳು. ಗೋಡೆಯ ಬಣ್ಣ ಅವಳಿಗೆ ಬಾಯಿಪಾಠ. ಸಿಪ್ಪೆ ತೆಗೆದ ಹೆಸರುಬೇಳೆ. ಕಲೆಯ ಬಣ್ಣ ಅದನ್ನೇ ತುಪ್ಪದಲ್ಲಿ ಹುರಿದ ಹಾಗಿತ್ತು. ಕಾವಿ ಚಿಟಿಕೆ ಹಾಕಿದಳು, ಕಾದಳು, ನೋಡಿದಳು. ಕೆಂಪಾಯಿತು. ಮಸಿ ಚಿಟಿಕೆ ಹಾಕಿದಳು, ಕಾದಳು, ನೋಡಿದಳು. ಬೂದಿಯಾಯಿತು. ಹಳದಿ ಮಣ್ಣು ಹಾಕಿದಳು, ಕಾದಳು. ನೋಡಿದರೆ ಹಬ್ಬದ ಊಟದ ಎಲೆಯ ಮೂಲೆಯ ಚಿತ್ರಾನ್ನ. ಹಸಿಯಿರುವಾಗ ಒಂದೊಂದೂ ಸರಿ ಎನಿಸುತ್ತಿತ್ತು. ಒಣಗಿದಾಗ ಒಂದೊಂದೂ ಬೇರೆ ಯಾರದೋ ಮನೆಯ ಗೋಡೆಯಾಗುತ್ತಿತ್ತು. ಹೆಂಚಿನ ಚೂರುಗಳು ನೆಲದ ತುಂಬ ಹರಡಿದವು. ಮೊದಲ ದಿನ ಹೀಗೆ ಹೋಯಿತು. ಎರಡನೆಯ ದಿನವೂ ಹೋಯಿತು. ಕೊಡೆಯವನು ಅನ್ನಕ್ಕಿಟ್ಟು ಮರೆತು, ಸೀದ ಮೇಲೆ ನೆನಪಿಸಿಕೊಂಡು, ಸೀದ ಅನ್ನದ ಬಣ್ಣ ಏನಾದರೂ ಉಪಯೋಗಕ್ಕೆ ಬರುತ್ತದೆಯೇ ಎಂದು ಕೇಳಿದ. ಅವಳು ನಗುತ್ತ ಅದನ್ನೂ ಗಂಭೀರವಾಗಿ ನೋಡಿದಳು.

ಮೂರನೆಯ ದಿನ ಮಧ್ಯಾಹ್ನ ಅವಳು ಕೈ ತೊಳೆದು, ಒದ್ದೆ ಅಂಗೈಯನ್ನು ಗೋಡೆಗೆ ಊರಿ ಮೇಲೇಳಲು ಹೋದಳು. ಮಂಡಿ ಹಿಡಿದಿತ್ತು. ಎದ್ದು ನೋಡುತ್ತಾಳೆ, ಗೋಡೆಯ ಮೇಲೆ ಅವಳ ಅಂಗೈ ಮೂಡಿತ್ತು, ಕಲೆಯ ಬಣ್ಣದಲ್ಲೇ. ಕಲೆಯ ಪಕ್ಕ ಅಂಗೈ, ಅಂಗೈಯ ಪಕ್ಕ ಕಲೆ, ನಡುವೆ ಕೂದಲಿನಷ್ಟೂ ಭೇದವಿಲ್ಲ. ಅವಳು ನೋಡುತ್ತಿರುವಂತೆಯೇ ಅಂಗೈ ಒಣಗಿ, ಬೆರಳಿನ ತುದಿಗಳಿಂದ ಶುರುವಾಗಿ ಗೋಡೆಯೊಳಗೆ ಹೋಯಿತು. ಕಲೆ ಹಾಗೇ ಇತ್ತು.

ಅವಳು ಮತ್ತೆ ಕೂತುಬಿಟ್ಟಳು. ಹಸಿ ಬಣ್ಣವನ್ನು ನಂಬಬೇಡಿ ಎಂದು ಊರಿಗೆಲ್ಲ ಹೇಳಿದವಳು ಅವಳೇ.

"ಇದು ಬೇರೆ ಬಣ್ಣ ಅಲ್ಲವೋ ತಮ್ಮ" ಎಂದಳು. "ನಿನ್ನ ಗೋಡೆಯೇ. ಒಣಗೋದನ್ನ ಮರೆತಿದೆ, ಅಷ್ಟೆ."

ಬೇರೆ ಬಣ್ಣವಲ್ಲದ ಮೇಲೆ ಕಾವಿ, ಮಸಿ, ಹಳದಿ ಮಣ್ಣಿಗೆ ಅಲ್ಲಿ ಕೆಲಸವಿರಲಿಲ್ಲ. ಹೆಸರುಬೇಳೆಯನ್ನು ಹೆಸರುಬೇಳೆಯಾಗಿಯೇ ಉಳಿಸಿ ಅದನ್ನು ಗಾಢ ಮಾಡುವಂಥದ್ದು ಅವಳ ಬಳಿ ಇದ್ದದ್ದು ಒಂದೇ. ವಯಸ್ಸು. ಅದೂ ಚಿಟಿಕೆಯಲ್ಲ, ಸೇರುಗಟ್ಟಲೆ.

ಕೊಡೆಯವನು ಆ ಕ್ಷಣವೇ ಪೊರಕೆ ಹಿಡಿದ. ಮೂಲೆ, ಮಂಚದಡಿ, ಬಾಗಿಲ ಸಂದು, ಎಲ್ಲ ಗುಡಿಸಿದ. ಸೋಸಿ ನೋಡಿದರೆ ಅರ್ಧ ಚಮಚ. ಒಬ್ಬನೇ ಇರುವ ಮನೆಯಲ್ಲಿ ದೂಳು ಹೆಚ್ಚು ಹುಟ್ಟುವುದಿಲ್ಲ.

ಸುದ್ದಿ ಪಕ್ಕದ ನೀರುಮಜ್ಜಿಗೆ ಮನೆಯ ಹಪ್ಪಳದವಳಿಗೆ ಮುಟ್ಟಿತು, ಅಂದರೆ ಎಲ್ಲರಿಗೂ ಮುಟ್ಟಿತು. ಮಾರನೆಯ ದಿನ ಬೆಳಗ್ಗೆ ಹೆಸರುಬೇಳೆ ಮನೆಯ ಮುಂದೆ ಡಬ್ಬಿಗಳ ಸಾಲು. ಒಂದು ಮನೆಯ ದೂಳು ಇನ್ನೊಂದಕ್ಕೆ ಆಗುವುದಿಲ್ಲವೆಂದು ಬಣ್ಣ ಕೂಡಿಸುವವಳಿಗೆ ಗೊತ್ತಿತ್ತು. ಆದರೆ ತಂದವರ ಮುಖ ನೋಡಿ ಹಾಗೆನ್ನಲಾಗದೆ ಒಂದೊಂದನ್ನೂ ಹೆಂಚಿನ ಚೂರಿನ ಮೇಲೆ ಹಚ್ಚಿ ನೋಡಿದಳು. ಹಪ್ಪಳದವಳ ದೂಳಿನ ತುಂಬ ಉದ್ದಿನ ಹಿಟ್ಟು. ಬಣ್ಣ ಬೆಳ್ಳಗಾಯಿತು, ಉಬ್ಬಿತೂ ಕೂಡ. ಬಡಗಿಯ ದೂಳು ತೇಗದ ವಾಸನೆ ಹೊಡೆಯಿತು. ಮನೆಯಲ್ಲಿ ಎಂಟು ಮಕ್ಕಳಿದ್ದ ಕುಂಬಳದ ಹೂವಿನವರ ದೂಳಿನಲ್ಲಿ ಸೀಮೆಸುಣ್ಣ, ಕಡಲೆ ಸಿಪ್ಪೆ, ಒಂದು ಹಾಲುಹಲ್ಲು ಸಿಕ್ಕಿದವು. ಹಲ್ಲನ್ನು ಹಿಂದಿರುಗಿಸಲಾಯಿತು. ನಮ್ಮದೇ ಒಳ್ಳೆಯ ದೂಳು, ಅಜ್ಜನ ಕಾಲದ ಅಟ್ಟದಿಂದ ಇಳಿಸಿದ್ದು ಎಂದು ಹಳೇ ಬೆಲ್ಲದವರು ಹೇಳಿದರು. ನಿಮ್ಮದಕ್ಕಿಂತ ನಮ್ಮದು ನುಣ್ಣಗಿದೆ ಎಂದು ಪಾರಿವಾಳದವರು ಹೇಳಿದರು. ಅದುವರೆಗೆ ಆ ಊರಿನಲ್ಲಿ ಯಾರೂ ದೂಳಿನ ಬಗ್ಗೆ ಜಂಬ ಪಟ್ಟಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಯಾರ ವಯಸ್ಸೂ ಹೊಂದಲಿಲ್ಲ. ಎಲ್ಲರೂ ಡಬ್ಬಿ ಎತ್ತಿಕೊಂಡು ಹೋದರು. ಬಣ್ಣ ಕೂಡಿಸುವವಳು ಕೈಯೊರೆಸಿಕೊಳ್ಳುತ್ತ ಅಡುಗೆಕೋಣೆಯ ಗೂಡಿನ ಕಡೆ ನೋಡಿದಳು. ಅಲ್ಲಿ, ಮೇಲಿನ ಹಲಗೆಯಲ್ಲಿ, ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಮೂರು ದಿನದಿಂದ ಅದನ್ನು ಅವಳು ನೋಡುತ್ತಲೇ ಇದ್ದಳು. ಪ್ರತಿ ವರ್ಷ ಅವಳು ವಯಸ್ಸು ಕೇಳುವ ಮೊದಲೇ ಆ ಮನೆಯಲ್ಲಿ ಆ ಡಬ್ಬಿ ಕೈಗೆ ಬರುತ್ತಿತ್ತು. ಉಳಿದವರು ಒಂದು ತಿಂಗಳು ದೂಳು ಎತ್ತಿಟ್ಟರೆ ಕೊಡೆಯವನ ಹೆಂಡತಿ ನೋಟ ಮುಗಿದ ಮಾರನೆಯ ದಿನದಿಂದಲೇ ಎತ್ತಿಡುತ್ತಿದ್ದಳು. ಹೋಳಿಗೆಯಗಲ ನನ್ನದಲ್ಲವೇ, ಎಲ್ಲರಿಗಿಂತ ನನ್ನದು ಹೆಚ್ಚು ಬೇಕಾಗುತ್ತದೆ ಎನ್ನುತ್ತಿದ್ದಳು.

ಕೊಡೆಯವನೂ ಡಬ್ಬಿಯ ಕಡೆ ನೋಡಿದ.

"ಮಳೆಗಾಲದ ತನಕದ್ದಿದೆ ಅದರಲ್ಲಿ" ಎಂದ. "ನಾನು ಮುಚ್ಚಳ ತೆಗೆದಿಲ್ಲ."

ಅವಳು ಕರಟ ಒರೆಸುತ್ತ ಕೂತಳು. ಚಿಟಿಕೆ ಹಾಕುವುದು, ಕಾಯುವುದು. ಕಾಯುವುದು ಅವಳಿಗೆ ರೂಢಿ.

"ಎಷ್ಟು ಬೇಕು?"

"ಗೋಡೆಗೆ ಎಲ್ಲವೂ ಬೇಕಾಗುತ್ತೆ ತಮ್ಮ. ಸ್ವಲ್ಪ ಕೊಟ್ಟು ಸ್ವಲ್ಪ ಇಟ್ಕೊಳ್ಳೋ ಹಾಗಿಲ್ಲ."

ಅವನು ಗೂಡಿನ ಮುಂದೆ ಬಹಳ ಹೊತ್ತು ನಿಂತ. ಡಬ್ಬಿ ಕೊಟ್ಟರೆ ಡಬ್ಬಿ ಹೋಗುತ್ತದೆ, ಕೊಡದಿದ್ದರೆ ಗೋಡೆ ಹೋಗುತ್ತದೆ. ಹೊರಗೆ ಹಪ್ಪಳದವಳು ಕಾಗೆ ಓಡಿಸುವ ಸದ್ದು ಕೇಳಿಸುತ್ತಿತ್ತು. ಕೊನೆಗೆ ಅವನು ಡಬ್ಬಿಯನ್ನು ಇಳಿಸಿ, ಎರಡೂ ಕೈಯಲ್ಲಿ ಹಿಡಿದು ತಂದು ಅವಳ ಮುಂದೆ ಇಟ್ಟ. ಹೆಂಡತಿ ಕೊಡುತ್ತಿದ್ದಾಗ ಹೇಳುತ್ತಿದ್ದ ಮಾತನ್ನೇ ಹೇಳಿದ.

"ತಗೋ ಅಕ್ಕ, ವಯಸ್ಸು."

ಅವಳು ಸೋಸಿದಳು. ಡಬ್ಬಿ ತುಂಬ ಇದ್ದ ದೂಳು ತೆಳು ಬಟ್ಟೆಯಿಂದ ಹಿಟ್ಟಿನಂತೆ ಇಳಿಯಿತು. ಬಟ್ಟೆಯಲ್ಲಿ ಉಳಿದದ್ದು ಕರೀ ನೂಲಿನ ತುಂಡುಗಳು, ಒಡೆದ ಹಸಿರು ಬಳೆಯ ಒಂದು ಚೂರು, ಒಂದು ಮಾರುದ್ದದ ಕೂದಲು. ಅವಳು ಬಟ್ಟೆಯನ್ನು ಹಾಗೆಯೇ ನಾಲ್ಕು ಮಡಿಕೆ ಮಡಿಸಿ ಕೊಡೆಯವನ ಕೈಗೆ ಕೊಟ್ಟಳು. ಬಣ್ಣಕ್ಕೆ ಅದು ಬೇಡ. ಕರಟದಲ್ಲಿ ಹೆಸರುಬೇಳೆಯನ್ನು ಎಂದಿನಂತೆ ಕೂಡಿಸಿ, ದೂಳನ್ನು ಒಂದು ಹಿಡಿ ಹಾಕಿದಳು. ಕಾದಳು. ನೋಡಿದಳು. ಇನ್ನೊಂದು ಹಿಡಿ ಹಾಕಿದಳು. ಕಾದಳು. ಹೆಂಚಿನ ಚೂರನ್ನು ಕಲೆಯ ಪಕ್ಕ ಹಿಡಿದಳು. ಚೂರು ಎಲ್ಲಿ ಮುಗಿಯಿತು, ಕಲೆ ಎಲ್ಲಿ ಶುರುವಾಯಿತು ಎಂದು ಅಂಚಿನ ನೆರಳಿನಿಂದಷ್ಟೇ ತಿಳಿಯುತ್ತಿತ್ತು.

ಆಮೇಲಿನ ನಾಲ್ಕು ದಿನ ಬೆಳಗ್ಗೆ ಬೇರೆ ಮನೆಗಳ ತೂತು, ಗೀರು. ಮಧ್ಯಾಹ್ನದಿಂದ ಈ ಗೋಡೆ. ಅವಳು ಕಲೆಯ ಅಂಚಿನಿಂದ ಶುರುಮಾಡಿದಳು. ಕಲೆಯನ್ನು ಮುಟ್ಟದೆ, ಅದರ ಸುತ್ತ ಹೆಬ್ಬೆರಳಗಲ. ಅದರ ಸುತ್ತ ಇನ್ನೊಂದು ಹೆಬ್ಬೆರಳಗಲ. ನೀರಿಗೆ ಕಲ್ಲು ಬಿದ್ದಾಗ ಏಳುವ ಬಳೆಗಳಂತೆ ಗೋಡೆಯ ಮೇಲೆ ಸುತ್ತುಗಳು ಹರಡಿದವು. ಅಂಚು ಗಟ್ಟಿಯಾಗದಂತೆ ಪ್ರತಿ ಸುತ್ತನ್ನೂ ಒದ್ದೆ ಬಟ್ಟೆಯಲ್ಲಿ ಒತ್ತುತ್ತಿದ್ದಳು. ಕೊಡೆಯವನು ಕರಟ ಹಿಡಿದು ನಿಂತಿರುತ್ತಿದ್ದ. ಮೇಲಿನ ಮೂಲೆಗೆ ಕೈ ಎಟುಕದಾಗ ಕೊಡೆಯ ಕಡ್ಡಿಗೆ ಕುಂಚ ಕಟ್ಟಿಕೊಟ್ಟ. ಹೋಗಿಬರುವವರು ಹೊಸ್ತಿಲಲ್ಲಿ ನಿಂತು, ಇದೇನು, ಬೇಳೆ ಹುರಿಯುತ್ತಾ ಇದ್ದೀರಾ ಎನ್ನುತ್ತಿದ್ದರು. ಹೂಂ, ನೋಟದ ದಿನ ಬನ್ನಿ, ತೊವ್ವೆ ಮಾಡುತ್ತೇವೆ ಎಂದು ಅವಳು ಒಳಗಿನಿಂದಲೇ ಹೇಳುತ್ತಿದ್ದಳು.

ನೋಟದ ಹಿಂದಿನ ದಿನ ಸಂಜೆಗೆ ಮುನ್ನ ಕೊನೆಯ ಮೂಲೆ ಮುಗಿಯಿತು. ಡಬ್ಬಿಯೂ ಮುಗಿಯಿತು. ಕೊಡೆಯವನು ಹೊಸ್ತಿಲಿಗೆ ಹೋಗಿ ನಿಂತು ಗೋಡೆಯನ್ನು ನೋಡಿದ. ಎಡದಿಂದ ನೋಡಿದ, ಬಲದಿಂದ ನೋಡಿದ.

"ಅಕ್ಕ, ಕಾಣಿಸ್ತಿಲ್ಲ" ಎಂದ.

"ಕಾಣಿಸಬಾರದು ಅಂತಲೇ ಅಲ್ವಾ ಇಷ್ಟು ದಿನ ಕುಂಚ ಹಿಡಿದದ್ದು."

"ನನಗೂ ಕಾಣಿಸ್ತಿಲ್ಲ."

ಅವಳು ಅವನ ಮಣಿಕಟ್ಟು ಹಿಡಿದು ಕರೆತಂದು, ಅವನ ಅಂಗೈಯನ್ನು ಗೋಡೆಗೆ ಊರಿ, ಕಣ್ಣು ಮುಚ್ಚಿಕೊಳ್ಳಲು ಹೇಳಿದಳು. ಸುಣ್ಣದ ಒರಟು, ಸುಣ್ಣದ ಒರಟು, ಸುಣ್ಣದ ಒರಟು. ಆಮೇಲೆ ಒಂದು ಕಡೆ ನುಣುಪು. ಅವನ ಕೈ ಅಲ್ಲಿ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅವನಿಗಿಂತ ಮೊದಲು ಅವಳಿಗೇ ಹೊಳೆಯಿತು, ಕೈಗೆ ಸಿಕ್ಕಿದ ಮೇಲೆ ನಾಳೆ ಮೂರನೆಯವಳಿಗೂ ಸಿಗುತ್ತದೆ.

ಅದಕ್ಕೆ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ದೂಳು ಇರಲಿಲ್ಲ, ದಿನವೂ ಇರಲಿಲ್ಲ. ಅವಳು ಕರಟ ತೊಳೆದುಕೊಂಡು ಮನೆಗೆ ಹೋದಳು.

ನೋಟದ ದಿನ ಬಿಸಿಲು ಓರೆಯಾಗಿತ್ತು. ತಿದ್ದಿದವರು ಮನೆಯೊಳಗೆ ನಿಲ್ಲುವುದು ವಾಡಿಕೆ. ಅವಳು ಕೊಡೆಯವನ ಪಕ್ಕ ನಿಂತಳು. ನೋಡುವವರು ಬಂದರು. ಇಬ್ಬರು ಕಣ್ಣು ತೊಳೆದುಕೊಂಡರು, ಮೂರನೆಯವಳು ಕೈ ತೊಳೆದುಕೊಂಡಳು. ಕೊಡೆಯವನು ಉಸಿರು ಎಣಿಸತೊಡಗಿದ. ಒಂದು. ಎರಡು.

ದೂರದಿಂದ ನೋಡುವವನು ಹೊಸ್ತಿಲಾಚೆ ತಲೆ ಓರೆ ಮಾಡಿದ. ಹೋದ ವರ್ಷ ಈ ಗೋಡೆ ಹೀಗಿತ್ತೇ ಎನ್ನುವ ಹಾಗೆ ಅವನ ಹುಬ್ಬು ಏರಿತು. ಆದರೆ ಹೋದ ವರ್ಷದ್ದನ್ನು ಅವನು ಈಗಷ್ಟೇ ತೊಳೆದುಕೊಂಡಿದ್ದ. ಹುಬ್ಬು ಇಳಿಯಿತು. ನಾಲ್ಕು. ಐದು. ಹತ್ತಿರದಿಂದ ನೋಡುವವನು ಮೂಗಿನಿಂದ ಗೋಡೆಯನ್ನು ಉತ್ತ ಹಾಗೆ ಈ ತುದಿಯಿಂದ ಆ ತುದಿಗೆ ಹೋಗಿ ಬಂದ. ಕಲೆಯ ಮುಂದೆಯೂ ಹೋದ, ನಿಲ್ಲಲಿಲ್ಲ. ಏಳು.

ಮೂರನೆಯವಳು ಬಲ ಅಂಗೈಯನ್ನು ಗೋಡೆಗಿಟ್ಟು ನಡೆದಳು. ಒರಟು, ಒರಟು, ಒರಟು. ಎಂಟು. ಅವಳ ಅಂಗೈ ನಿಂತಿತು.

ಅಂಗೈ ಒಂದು ಬೆರಳಗಲ ಹಿಂದೆ ಸರಿಯಿತು, ಮತ್ತೆ ಮುಂದೆ ಬಂತು. ನುಣುಪಿನ ಸುತ್ತ ಒಂದು ಸುತ್ತು ಬಂತು, ರೊಟ್ಟಿಯ ಅಂಚು ನೋಡುವವರ ಹಾಗೆ. ಒಂಬತ್ತು. ಮುದುಕಿ ತಲೆಯನ್ನು ಗೋಡೆಯ ಹತ್ತಿರ ತಂದಳು. ಬಗ್ಗಿದಳೋ, ಮೂಸಿದಳೋ. ಕೊಡೆಯವನ ಎಣಿಕೆ ತಡವರಿಸಿತು. ಹತ್ತು ಎಂದು ಹೇಳಲು ಅವನಿಗೆ ಎರಡು ಉಸಿರು ಬೇಕಾಯಿತು. ಅಂಗೈ ಅಲ್ಲೇ ಇತ್ತು. ಹನ್ನೊಂದು. ಅವಳ ಇನ್ನೊಂದು ಕೈ, ಬೆರಳೆತ್ತುವ ಕೈ, ಸೀರೆಯ ನೆರಿಗೆಯಲ್ಲಿ ಇತ್ತು. ಅಲ್ಲೇ ಇತ್ತು.

ಹನ್ನೆರಡು.

"ಗೋಡೆ ಒಂದು" ಎಂದ ಮೊದಲನೆಯವನು. "ಗೋಡೆ ಒಂದು" ಎಂದ ಎರಡನೆಯವನು.

ಮೂರನೆಯವಳು ಅಂಗೈ ತೆಗೆದಳು. "ಗೋಡೆ ಒಂದು" ಎಂದಳು.

ಕೊಡೆಯವನು ಇನ್ನೂ ಮುದುಕಿಯ ಅಂಗೈಯನ್ನೇ ನೋಡುತ್ತಿದ್ದ. "ಮನೆ ಒಂದು" ಎಂದು ಬಣ್ಣ ಕೂಡಿಸುವವಳೇ ಹೇಳಿದಳು. ಮೊಣಕೈಯಲ್ಲಿ ತಿವಿದ ಮೇಲೆ ಅವನೂ ಹೇಳಿದ. ಮಂಡಕ್ಕಿಯ ಬುಟ್ಟಿ ಬಂತು. ಇಬ್ಬರು ಒಂದೊಂದು ಹಿಡಿ ತೆಗೆದುಕೊಂಡು ಹೊರಗೆ ಹೋದರು. ಹೊರಗೆ ಹಪ್ಪಳದವಳು ಆಗಲೇ ಹುರಿದ ಹೆಸರುಬೇಳೆ ಮನೆ, ಹುರಿದ ಹೆಸರುಬೇಳೆ ಮನೆ ಎಂದು ಯಾರಿಗೋ ಹೇಳುತ್ತಿದ್ದಳು. ಮುದುಕಿ ಎಡಗೈಯಲ್ಲಿ ಮಂಡಕ್ಕಿ ತೆಗೆದುಕೊಂಡು ಕೊಡೆಯವನ ಕಡೆ ಮುಖ ತಿರುಗಿಸಿದಳು.

"ಎಣ್ಣೆಗೆ ಮೆಂತ್ಯ ಹಾಕಿ ಕಾಯಿಸ್ತಿದ್ದಳೇನಪ್ಪ?" ಎಂದು ಸಣ್ಣ ದನಿಯಲ್ಲಿ ಕೇಳಿದಳು.

"ದಾಸವಾಳದ ಎಲೇನೂ ಹಾಕ್ತಿದ್ದಳು ಅಜ್ಜಿ."

"ಹೂಂ" ಎಂದಳು ಮುದುಕಿ. ಹೊಸ್ತಿಲು ದಾಟಿದಳು.

ಮುಂದಿನದು ನೀರುಮಜ್ಜಿಗೆ ಮನೆ. ಹಪ್ಪಳದವಳು ಓಡಿಹೋಗಿ ತಂಬಿಗೆಯನ್ನು ಹೊಸ್ತಿಲಲ್ಲಿ ಸರಿಯಾಗಿ ಇಟ್ಟಳು. ಇಬ್ಬರು ಕಣ್ಣು ತೊಳೆದುಕೊಂಡರು. ಮೂರನೆಯವಳು ಕೈ ತೊಳೆಯಲಿಲ್ಲ.